ಕೌದಿಯನ್ನು ಅಡಗಿಸಬೇಡಿ

ಮನೆಗೆ ಬೀಗರು ಬರುತ್ತಾರೆಂದರೆ ನಮ್ಮಲ್ಲಿ ಮೊದಲು ನಡೆಯುವ ಕೆಲಸ ಯಾವುದು ಗೊತ್ತೇ? ಹಾಸಿಗೆಯ ಮೇಲಿನ ಕೌದಿ ಅಟ್ಟ ಸೇರುತ್ತದೆ. ಟ್ರಂಕಿನಲ್ಲಿದ್ದ ಹೊಸ ಸೋಲಾಪುರ ಚಾದರ ಹೊರಗೆ ಬರುತ್ತದೆ. ಬೀಗರು ಹೋದ ರಾತ್ರಿ ಚಳಿ ಹತ್ತಿದಾಗ ಮತ್ತೆ ಕೌದಿಯನ್ನೇ ಹುಡುಕುತ್ತೇವೆ. ಬೇಕಾದಾಗ ಹೊದ್ದುಕೊಳ್ಳುವುದು, ನಾಲ್ಕು ಜನ ಬಂದಾಗ ಮುಚ್ಚಿಡುವುದು! ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ. ಒಪ್ಪುವುದು, ಬಿಡುವುದು ನಿಮಗೆ ಸೇರಿದ್ದು.

ಕೌದಿಯ ಪರಿಚಯ ನಿಮಗೆ ಇದ್ದೇ ಇದೆ. ಅಜ್ಜಿಯ ಹರಿದ ಸೀರೆ, ಅಜ್ಜನ ಹಳೆಯ ಧೋತರ, ನಿಮಗೆ ಚಿಕ್ಕದಾದ ಅಂಗಿ, ಸಿಂಪಿಗನ ಅಂಗಡಿಯಲ್ಲಿ ಉಳಿದ ಕುಬಸದ ತುಂಡು, ಇವನ್ನೆಲ್ಲ ಪದರು ಪದರಾಗಿ ಹಾಸಿ ಸಾಲು ಸಾಲಾಗಿ ಹೊಲಿದರೆ ಕೌದಿ. ನೆರೆಯ ಮರಾಠಿ ಮನೆಗಳಲ್ಲಿ ಇದಕ್ಕೆ ಗೋಧಡಿ, ವಾಕಳ ಎನ್ನುತ್ತಾರೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಯಲು ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ.

ಚಿಂದಿಯನ್ನು ಜೋಡಿಸುವ ವಿದ್ಯೆ ನಮ್ಮದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಹೆಂಗಸರು ಜೇನುಹುಟ್ಟಿನ ಕೋಣೆಗಳಂತೆ ಆರು ಮೂಲೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತ ಬಂದಿದ್ದಾರೆ. ಆರೇ ಮೂಲೆ ಏಕೆ? ನಿಮ್ಮ ಭೂಮಿತಿಯನ್ನು ನೆನೆಯಿರಿ. ನಿಯಮಿತ ಷಟ್ಕೋನದ ಒಂದು ಕೋನ 120 ಅಂಶ. ಮೂರು ಷಟ್ಕೋನಗಳು ಒಂದು ಬಿಂದುವಿನಲ್ಲಿ ಕೂಡಿದರೆ 360 ಅಂಶ ತುಂಬುತ್ತದೆ, ಸಂದು ಉಳಿಯುವುದಿಲ್ಲ. ಪಂಚಕೋನದ ಕೋನ 108 ಅಂಶ. ಮೂರನ್ನು ಕೂಡಿಸಿದರೆ 324, ಇನ್ನೂ 36 ಅಂಶದ ಸಂದು! ಪುಸ್ತಕದಲ್ಲಿ ಓದಿ ಮರೆತದ್ದನ್ನು ಸೂಜಿ ನೆನಪಿನಲ್ಲಿ ಇಡಿಸುತ್ತದೆ.

ಹೊಲಿಯುವ ಕ್ರಮವೂ ಸುಲಭ. ಹಳೆಯ ಲಗ್ನಪತ್ರಿಕೆಯಿಂದ ಒಂದೇ ಅಳತೆಯ ಷಟ್ಕೋನಗಳನ್ನು ಕತ್ತರಿಸಿಕೊಳ್ಳಿ. ಅದಕ್ಕಿಂತ ಸುತ್ತಲೂ ಅರ್ಧ ಸೆಂಟಿಮೀಟರಿಗೆ ತುಸು ಹೆಚ್ಚಾಗಿ ಬಟ್ಟೆ ಕತ್ತರಿಸಿ, ಅಂಚನ್ನು ಕಾಗದದ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕಿ. ನಡುವೆ ಒಂದು ತುಂಡು, ಸುತ್ತಲೂ ಆರು. ಅಂಚಿಗೆ ಅಂಚು ಕೂಡಿಸಿ ಸಣ್ಣಗೆ ಹೊಲಿದರೆ ಏಳು ತುಂಡುಗಳ ಒಂದು ಹೂವು. ಒಂದು ತುಂಡಿನ ಆರೂ ಬದಿಗೆ ನೆರೆಯ ತುಂಡುಗಳು ಕೂಡಿದ ಮೇಲೆ ಅದರ ಕಾಗದ ತೆಗೆಯಬಹುದು. ಹೂವುಗಳೆಲ್ಲ ಸೇರಿದ ಮೇಲೆ ಕೆಳಗೆ ಹಳೆಯ ಸೀರೆಯ ಪದರು ಕೊಟ್ಟು ನಮ್ಮ ಕೌದಿಯ ಹೊಲಿಗೆಯನ್ನೇ ಹಾಕಿರಿ.

ಇಂಥದೊಂದು ಹೊದಿಕೆಯ ಕಥೆ ಕೇಳಿರಿ. ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರುವರಿಯಲ್ಲಿ, ಸಿಂಗಾಪುರ ಜಪಾನಿನ ವಶವಾಯಿತು. ಅಲ್ಲಿದ್ದ ಬ್ರಿಟಿಷ್ ಮೊದಲಾದ ಕುಟುಂಬಗಳನ್ನು ಚಾಂಗಿ ಸೆರೆಮನೆಯಲ್ಲಿ ಕೂಡಿಹಾಕಿದರು. ಆ ಸೆರೆಯಲ್ಲಿ ಸುಮಾರು ಇಪ್ಪತ್ತು ಹುಡುಗಿಯರು ಗರ್ಲ್ ಗೈಡ್ಸ್ ದಳವೊಂದನ್ನು ಕಟ್ಟಿಕೊಂಡಿದ್ದರು. ತಮ್ಮ ನಾಯಕಿ ಎಲಿಜಬೆತ್ ಎನ್ನಿಸ್ ಅವರ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡಬೇಕೆಂದು ಅವರ ಆಸೆ. ಅಂಗಡಿಯಿಲ್ಲ, ಹಣವಿಲ್ಲ, ಹೊಟ್ಟೆ ತುಂಬ ಊಟವೂ ಇಲ್ಲ. ಸಿಕ್ಕ ಚಿಂದಿಗಳನ್ನೇ ಷಟ್ಕೋನಗಳಾಗಿ ಕತ್ತರಿಸಿ, ಯಾರಿಗೂ ಕಾಣದಂತೆ ಹೂವು ಹೂವಾಗಿ ಹೊದಿಕೆ ಹೊಲಿದರು. ಇಂದು ಅದು ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಚಿಂದಿಯಿಂದಾದ ವಸ್ತುವನ್ನು ಒಂದು ದೇಶ ಹೀಗೆ ಜೋಪಾನ ಮಾಡುತ್ತಿರುವಾಗ ನಾವು ನಮ್ಮದನ್ನು ಅಟ್ಟಕ್ಕೆ ಏರಿಸುವುದೇ?

“ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಹೊದಿಕೆ ಸಿಗುವಾಗ ಇಷ್ಟು ಕಷ್ಟವೇಕೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಮಾಡೋಣ. ಬದಿ 3 ಸೆಂಟಿಮೀಟರ್ ಇರುವ ಷಟ್ಕೋನದ ಕ್ಷೇತ್ರಫಲ ಸುಮಾರು 23.4 ಚದರ ಸೆಂಟಿಮೀಟರ್. 150 ಸೆಂಟಿಮೀಟರ್ ಅಗಲ, 210 ಸೆಂಟಿಮೀಟರ್ ಉದ್ದದ ಹೊದಿಕೆಗೆ ಸುಮಾರು 1350 ತುಂಡುಗಳು ಬೇಕು. ಒಂದೊಂದಕ್ಕೆ ಕಾಲು ಗಂಟೆ ಎಂದರೂ 337 ಗಂಟೆ. ದಿನಕ್ಕೆ ಎರಡು ಗಂಟೆ ಕುಳಿತರೆ ಐದೂವರೆ ತಿಂಗಳು. ನಮ್ಮ ಕೌದಿಯಲ್ಲಿ ತುಂಡನ್ನು ಇದ್ದ ಹಾಗೆಯೇ ಇಡುವುದರಿಂದ ಬಟ್ಟೆಯೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಆದರೂ ಅದು ಎಷ್ಟೋ ದಿನಗಳ ದುಡಿಮೆಯೇ.

ಈ ಲೆಕ್ಕ ಕೌದಿ ಬೇಡವೆಂದು ಹೇಳುವುದಿಲ್ಲ. ಅದು ಅಗ್ಗದ ವಸ್ತುವಲ್ಲ ಎಂದು ಹೇಳುತ್ತದೆ. ಬಟ್ಟೆ ಹಳೆಯದಾದ ಮಾತ್ರಕ್ಕೆ ದುಡಿಮೆ ಹಳಸುವುದಿಲ್ಲ. ಓಣಿಯಲ್ಲಿ ಕೌದಿ ಹೊಲಿದುಕೊಡುವ ತಾಯಿಯೊಡನೆ ಕೂಲಿಗಾಗಿ ಚೌಕಾಶಿ ಮಾಡುವವರು ಈ ಗಂಟೆಗಳನ್ನು ಒಮ್ಮೆ ಎಣಿಸಬೇಕು. ಚಂದವಾಗಲೆಂದು ಹೊಸ ಬಟ್ಟೆ ಕೊಂಡು ತಂದು ಕತ್ತರಿಸುವುದೂ ನನಗೆ ಸರಿ ಕಾಣದು. ಉಳಿದದ್ದನ್ನು ಉಳಿಸುವುದೇ ಈ ವಿದ್ಯೆಯ ಜೀವ.

ಇನ್ನೊಂದು ಮಾತು ಹುಡುಗರಿಗೆ. “ಹೊಲಿಗೆ ಹೆಣ್ಣುಮಕ್ಕಳ ಕೆಲಸ” ಎಂದು ಜಾರಿಕೊಳ್ಳಬೇಡಿ. ಪೇಟೆಯ ಸಿಂಪಿಗ ಗಂಡಸಲ್ಲವೇ? ಹಣ ಬರುವಾಗ ಗಂಡಿನ ಕಸುಬು, ಹಣ ಬಾರದಾಗ ಹೆಣ್ಣಿನ ಕೆಲಸ ಎಂಬ ನ್ಯಾಯ ಎಲ್ಲಿಯದು? ಗುಂಡಿ ಕಿತ್ತರೆ ಹಚ್ಚಿಕೊಳ್ಳಲು ಬಾರದವನು ಎಷ್ಟು ಓದಿದರೂ ಆ ಮಟ್ಟಿಗೆ ಪರಾವಲಂಬಿಯೇ.

ಈ ರಜೆಯಲ್ಲಿ ನೀವು ಇಡೀ ಹೊದಿಕೆ ಹೊಲಿಯಬೇಕಾಗಿಲ್ಲ. ಏಳು ತುಂಡುಗಳ ಒಂದು ಹೂವು ಸಾಕು. ಅಜ್ಜಿಯ ಪಕ್ಕದಲ್ಲಿ ಕುಳಿತು ಹೊಲಿಯಿರಿ. ಯಾವ ತುಂಡು ಯಾರ ಬಟ್ಟೆಯದೆಂದು ಕೇಳಿರಿ. ಮುಂದಿನ ಸಲ ಬೀಗರು ಬಂದಾಗ ಕೌದಿಯನ್ನು ಮಂಚದ ಮೇಲೆಯೇ ಹಾಸಿರಿ. ಯಾರು ಹೊಲಿದರೆಂದು ಅವರು ಕೇಳಿದರೆ ಹೆಸರು ಹೇಳಲು ನಾಚಬೇಡಿರಿ.