ಪೆಟ್ರೋಲ್ ಬಂಕಿದ್ದ ಭೂಮಿಯನ್ನು ಪರೀಕ್ಷಿಸದೆ ಹಿಂದಕ್ಕೆ ಪಡೆಯಬಾರದು

ಹೆದ್ದಾರಿಯ ಮಗ್ಗುಲಲ್ಲಿ ಜಮೀನುಳ್ಳವರು ಅದರ ಒಂದು ಭಾಗವನ್ನು ಪೆಟ್ರೋಲ್ ಬಂಕಿಗಾಗಿ ಗುತ್ತಿಗೆಗೆ ಕೊಡುವ ಪದ್ಧತಿಯು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುತ್ತದೆ. ವಾಯಿದೆ ತೀರಿದ ಮೇಲೆ ಪಂಪುಗಳನ್ನು ಕಿತ್ತು, ಗುಂಡಿಯನ್ನು ಮುಚ್ಚಿ, ನೆಲವನ್ನು ಸಮಮಾಡಿ ಒಪ್ಪಿಸಿದರೆ, ಜಮೀನುದಾರರು ರುಜು ಹಾಕಿ ತೃಪ್ತರಾಗುತ್ತಾರೆ. ಈ ತೃಪ್ತಿಯು ಅವಸರದ್ದೆಂದು ನಮ್ಮ ಅಭಿಪ್ರಾಯ. ಅಲ್ಲಿನ ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಿದ ಹೊರತು ಅಂಥ ಭೂಮಿಯನ್ನು ಯಾರೂ ಸ್ವಾಧೀನಕ್ಕೆ ತೆಗೆದುಕೊಳ್ಳಕೂಡದು.

ನೆಲದಲ್ಲಿ ಹೂತಿರುವ ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯುವುದೂ ಕೊಳವೆಗಳ ಕೀಲುಗಳು ಸಡಿಲವಾಗುವುದೂ ಸಹಜ. ಹನಿಹನಿಯಾಗಿ ಸೋರಿದ ಎಣ್ಣೆಯು ದಾಸ್ತಾನಿನ ಲೆಕ್ಕದಲ್ಲಿ ಕಾಣಿಸದೆಯೂ ಹೋಗಬಹುದು. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲೆ ತೇಲಿ ನಿಲ್ಲುತ್ತದೆ. ಮಳೆಗಾಲಕ್ಕೆ ನೀರು ಏರಿ ಬೇಸಗೆಗೆ ಇಳಿಯುವಾಗಲೆಲ್ಲ ನಡುವಣ ಮಣ್ಣಿಗೆ ಬಳಿದುಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನ್ ಎಂಬ ದ್ರವ್ಯವಾದರೋ ನೀರಿನಲ್ಲಿ ಕರಗಿ ಮುಂದಕ್ಕೆ ಹರಿಯುವುದು. ಇದು ರಕ್ತದ ಕ್ಯಾನ್ಸರಿಗೆ ಕಾರಣವೆಂಬುದು ನಿಶ್ಚಿತವಾದ ಸಂಗತಿ. ಒಂದು ಲೀಟರ್ ಕುಡಿಯುವ ನೀರಿನಲ್ಲಿ 10 ಮೈಕ್ರೋಗ್ರಾಮಿಗೆ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲಿಗೆ, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಅಷ್ಟು ಅಲ್ಪಾಂಶವು ಮೂಗಿಗಾಗಲಿ ನಾಲಿಗೆಗಾಗಲಿ ತಿಳಿಯತಕ್ಕದ್ದಲ್ಲ. ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲಿನಲ್ಲಿ ನೀರು ಬಿರುಕುಗಳ ಮೂಲಕವೇ ಸಾಗುವುದರಿಂದ, ಯಾವ ದಿಕ್ಕಿನ ಕೊಳವೆ ಬಾವಿಗೆ ಈ ಕೇಡು ತಗಲೀತೆಂಬುದನ್ನು ಮೇಲಿನಿಂದ ನೋಡಿ ಊಹಿಸಲಾಗದು.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸಾಂಟಾ ಮೋನಿಕಾ ನಗರದಲ್ಲಿ, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ದ್ರವ್ಯವು ಬಂಕುಗಳ ನೆಲದ ಟ್ಯಾಂಕು ಕೊಳವೆಗಳಿಂದ ಸೋರಿ ಬಾವಿಗಳನ್ನು ಸೇರಿತು. ನಗರಕ್ಕೆ ಸುಮಾರು ಅರ್ಧದಷ್ಟು ನೀರನ್ನು ಕೊಡುತ್ತಿದ್ದ ಬಾವಿಗಳನ್ನು 1996ರಲ್ಲಿ ನಿಲ್ಲಿಸಬೇಕಾಯಿತು. ಧನವೂ ಯಂತ್ರಗಳೂ ಧಾರಾಳವಾಗಿದ್ದ ಆ ಊರಿನ ಪಾಡೇ ಹೀಗಾದರೆ, ಒಂದೇ ಬಾವಿಯನ್ನು ನಂಬಿರುವ ಹಳ್ಳಿಯ ಗತಿಯನ್ನು ಓದುಗರೇ ಯೋಚಿಸಬಹುದು.

ಎರಡು ಮಳೆ ಬಿದ್ದರೆ ಎಲ್ಲ ತೊಳೆದುಹೋಗುತ್ತದೆಂದು ವಾದಿಸುವವರುಂಟು. ಮಣ್ಣಿನ ಸೂಕ್ಷ್ಮಜೀವಿಗಳು ಗಾಳಿಯಾಡುವ ಕಡೆ ಎಣ್ಣೆಯನ್ನು ಕರಗಿಸುವುದು ನಿಜವೇ. ಆದರೆ ಕೆಳಗಿನ ನೀರಿನಲ್ಲಿ ಪ್ರಾಣವಾಯು ಕಡಮೆ. ಅಲ್ಲದೆ ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲನ್ನು ಆ ಜೀವಿಗಳು ಮೊದಲು ತಿಂದು ಇದ್ದ ಪ್ರಾಣವಾಯುವನ್ನೂ ಮುಗಿಸುವುದರಿಂದ, ಬೆಂಜೀನು ಇನ್ನಷ್ಟು ಕಾಲ ಉಳಿಯುತ್ತದೆ.

ಪರೀಕ್ಷೆಗೆ ತಕ್ಕ ಸಮಯವು ಟ್ಯಾಂಕನ್ನು ಎತ್ತುವ ದಿನ. ಗುಂಡಿಯನ್ನು ಮುಚ್ಚಿದ ತರುವಾಯ ಶೋಧನೆಯ ಖರ್ಚು ಬಹುಪಾಲು ಹೆಚ್ಚುತ್ತದೆ. ಗುಂಡಿಯ ತಳ, ಪಂಪು ನಿಂತಿದ್ದ ಸ್ಥಳ, ಕೊಳವೆ ಹಾದ ದಾರಿ, ಇವುಗಳ ಮಣ್ಣನ್ನು ತಜ್ಞರೇ ತೆಗೆದು, ಗಾಳಿಯಾಡದ ಗಾಜಿನ ಪಾತ್ರೆಯಲ್ಲಿ ತಂಪಾಗಿಟ್ಟು ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ನೀರು ಹರಿಯುವ ದಿಕ್ಕನ್ನು ತಿಳಿಯಲು ಮೂರಕ್ಕೆ ಕಡಮೆಯಿಲ್ಲದಂತೆ ಪರೀಕ್ಷಾ ಬಾವಿಗಳು ಬೇಕು. ನೆರೆಯ ತೋಟಗಳ ಬಾವಿಗಳನ್ನೂ ಬಿಡಬಾರದು. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಅದಕ್ಕೂ ಹಳೆಯ ಬಂಕಾಗಿದ್ದರೆ ಸೀಸವನ್ನೂ ನೋಡಿಸಬೇಕು. ಫಲಿತಾಂಶ ಬರುವವರೆಗೆ ಆ ನಿವೇಶನದಲ್ಲಿ ಕೊಳವೆ ಬಾವಿಯನ್ನು ಕೊರೆಯಿಸಲೇಬಾರದು, ಮೇಲಿನ ಎಣ್ಣೆಗೆ ಕೆಳಗಿಳಿಯಲು ನಾವೇ ದಾರಿ ಮಾಡಿಕೊಟ್ಟಂತಾದೀತು. ತೆರೆದ ಬಾವಿಯಲ್ಲಿ ಪೆಟ್ರೋಲಿನ ವಾಸನೆಯಿದ್ದರೆ ಆಳನ್ನು ಇಳಿಸುವುದೂ ದೀಪವನ್ನು ಬಿಡುವುದೂ ಪ್ರಾಣಾಪಾಯಕರ.

ಈ ವೆಚ್ಚವನ್ನು ಜಮೀನುದಾರರು ಹೊರಬೇಕೆಂಬುದು ನಮಗೆ ಒಪ್ಪಿಗೆಯಿಲ್ಲ. ಕೆಡಿಸಿದವನೇ ಸರಿಪಡಿಸತಕ್ಕದ್ದೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಎತ್ತಿಹಿಡಿದಿದೆ. ಕಲುಷಿತ ಸ್ಥಳಗಳ ನಿರ್ವಹಣೆಗಾಗಿ ಕೇಂದ್ರ ಸರ್ಕಾರವು 2025ರಲ್ಲಿ ನಿಯಮಗಳನ್ನೂ ಹೊರಡಿಸಿದೆ. ಗ್ರಾಮದ ಮುಖಂಡರು ಸಂಶಯವುಳ್ಳ ಸ್ಥಳವನ್ನು ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳಬೇಕು. ಹೊಸದಾಗಿ ಗುತ್ತಿಗೆ ಕೊಡುವವರಾದರೆ, ಟ್ಯಾಂಕನ್ನು ಹೂಳುವ ಮುಂಚೆಯೇ ಮಣ್ಣು ನೀರುಗಳ ಪರೀಕ್ಷೆ ನಡೆದು ಅದರ ವರದಿಯು ಕರಾರಿಗೆ ಲಗತ್ತಾಗಿರಬೇಕೆಂದೂ, ಬಿಡುವಾಗ ಎರಡನೆಯ ಪರೀಕ್ಷೆಯು ಕಂಪನಿಯ ಖರ್ಚಿನಲ್ಲಿ ಆಗತಕ್ಕದ್ದೆಂದೂ ಬರೆಯಿಸಿಕೊಂಡ ಹೊರತು ರುಜು ಹಾಕಬಾರದು.