ಅಂಕಪಟ್ಟಿಯೂ ಆಟದ ಬಯಲೂ

2025ರ ಅಕ್ಟೋಬರ್ ತಿಂಗಳಲ್ಲಿ ನಾನು ಸಮಾಸ ಪ್ರಕರಣವನ್ನು ಬೋಧಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸರ್, ನಮ್ಮ ಹೈದರಾಬಾದಿನ ಫುಟ್‌ಬಾಲ್ ತಂಡ ದೆಹಲಿಗೆ ಹೋಯಿತಂತೆ. ಇನ್ನು ನಾವು ಯಾರ ಕಡೆ?" ಎಂದು ಕೇಳಿದನು. ತರಗತಿ ನಕ್ಕಿತು. ನಾನು ಗದರಿಸಿ ಕೂರಿಸಿದೆ. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ನೀವು ದಿನಪತ್ರಿಕೆಯನ್ನು ಕೊನೆಯ ಪುಟದಿಂದ ಓದಲಾರಂಭಿಸುವವರೆಂಬುದನ್ನು ನಾನು ಬಲ್ಲೆ. ಅಲ್ಲಿ ಅಚ್ಚಾಗುವ ಅಂಕಪಟ್ಟಿಯ ಲೆಕ್ಕ ಸರಳವಾದುದು: ಗೆದ್ದರೆ 3 ಅಂಕ, ಸರಿಸಮವಾದರೆ 1, ಸೋತರೆ ಸೊನ್ನೆ. ಈ ಲೆಕ್ಕದಲ್ಲಿ ಹೈದರಾಬಾದ್ ಎಫ್.ಸಿ.ಯ ಏಳುಬೀಳನ್ನು ನೋಡಿರಿ. 2019–20ರ ಇಂಡಿಯನ್ ಸೂಪರ್ ಲೀಗಿನಲ್ಲಿ 18 ಪಂದ್ಯಗಳಿಂದ 10 ಅಂಕ. ಹತ್ತು ತಂಡಗಳಲ್ಲಿ ಹತ್ತನೆಯ ಸ್ಥಾನ. 2021–22ರಲ್ಲಿ 20 ಪಂದ್ಯಗಳಿಂದ 38 ಅಂಕ, ಎರಡನೆಯ ಸ್ಥಾನ. ಬಳಿಕ 2022ರ ಮಾರ್ಚ್ 20ರಂದು ಮಡಗಾಂವಿನಲ್ಲಿ ಕೇರಳದ ತಂಡವನ್ನು ಪೆನಾಲ್ಟಿ ಹೊಡೆತಗಳಲ್ಲಿ ಸೋಲಿಸಿ ಪ್ರಶಸ್ತಿಯನ್ನೇ ಗೆದ್ದಿತು. ಅಂದು ಗೋಲಿನ ಮುಂದೆ ನಿಂತು ಎದುರಾಳಿಗಳ ಹೊಡೆತಗಳನ್ನು ತಡೆದವರು ಗೋವೆಯ ಲಕ್ಷ್ಮೀಕಾಂತ ಕಟ್ಟಿಮನಿ. ಆ ಅಡ್ಡಹೆಸರು ನಮ್ಮ ಕಡೆಯವರ ಕಿವಿಗೆ ಎಷ್ಟು ಹಿತ! ಮರುವರ್ಷ 42 ಅಂಕ. ಅದರ ಮರುವರ್ಷ, 2023–24ರಲ್ಲಿ, 22 ಪಂದ್ಯಗಳಲ್ಲಿ ಒಂದೇ ಗೆಲುವು, 8 ಅಂಕ, ಮತ್ತೆ ಕಟ್ಟಕಡೆಯ ಸ್ಥಾನ.

ಒಂದೇ ವರ್ಷದಲ್ಲಿ ಯಾರೂ ಆಟವನ್ನು ಮರೆಯುವುದಿಲ್ಲ. ಸಂಬಳ ಬಾಕಿ ಬಿದ್ದು ಆಟಗಾರರು ಒಬ್ಬೊಬ್ಬರಾಗಿ ಹೊರಟುಹೋದರು. ಅಂಕಪಟ್ಟಿಯಲ್ಲಿ ಇದನ್ನು ಬರೆಯಲು ಜಾಗವಿಲ್ಲ. ಪುಣೆಯ ಸಂಘವೊಂದು ಮುಚ್ಚಿದಾಗ ಅದರ ಸ್ಥಾನದಲ್ಲಿ 2019ರಲ್ಲಿ ಇಲ್ಲಿ ತಲೆಯೆತ್ತಿದ ಸಂಘವಿದು. 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿ ಸೇರಿತು. ಹೋದದ್ದಕ್ಕಾಗಿ ಅದನ್ನು ಹಳಿಯಲು ನನಗೆ ಬಾಯಿಲ್ಲ. ನಾನೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಈ ನಗರದ ಬಾಡಿಗೆ ಮನೆಯಲ್ಲಿರುವವನೇ. ಆದರೆ ಪ್ರಶಸ್ತಿ ಗೆದ್ದ ವರ್ಷವೂ ಮಹಾಮಾರಿಯ ನಿಮಿತ್ತ ಪಂದ್ಯಗಳೆಲ್ಲ ಗೋವೆಯಲ್ಲಿಯೇ ನಡೆದುವು. ಇಲ್ಲಿಯ ಹುಡುಗರು ಆ ಗೆಲುವನ್ನು ಪರದೆಯ ಮೇಲೆ ಕಂಡರು.

ಇದೇ ನಗರದಲ್ಲಿ ಹಿಂದೆ ಬೇರೊಂದು ಬಗೆಯ ತಂಡವಿತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆಟಗಾರರಿಗೆ ಇಲಾಖೆಯಲ್ಲಿ ನೌಕರಿಯಿತ್ತು. ತಿಂಗಳು ತುಂಬಿದರೆ ಸಂಬಳವಿತ್ತು. ಆ ತಂಡವನ್ನು ತಿದ್ದಿ ತೀಡಿದವರು ಸೈಯದ್ ಅಬ್ದುಲ್ ರಹೀಮ್. ಅವರು ಶಾಲಾ ಮಾಸ್ತರರು! ಇಂದು ಕನ್ನಡದ ಮಾತು ಕಿವಿಗೆ ಬೀಳುವ ಇದೇ ಕಾಚಿಗುಡದ ಮಾಧ್ಯಮಿಕ ಶಾಲೆಯಲ್ಲಿ ಪಾಠ ಹೇಳಿದವರು. ಭಾರತ ತಂಡಕ್ಕೂ ಅವರೇ ಗುರುಗಳಾಗಿ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನವನ್ನೂ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ ದೊರಕಿಸಿದರು, 1963ರಲ್ಲಿ ತೀರಿಕೊಂಡರು. ಹುಡುಗರಿಗಾಗಿ ಅವರು ಏರ್ಪಡಿಸುತ್ತಿದ್ದ ಪಂದ್ಯಗಳು ವಿಚಿತ್ರವಾದುವು: ಒಮ್ಮೆ ರೂಢಿಯಿಲ್ಲದ ಕಾಲಿನಿಂದಲೇ ಒದೆಯಬೇಕು, ಇನ್ನೊಮ್ಮೆ ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಮುಟ್ಟಕೂಡದು. ಸಿಕಂದರಾಬಾದಿನ ಅಮ್ಮುಗುಡದ ಬಡ ಹುಡುಗ ತುಳಸೀದಾಸ ಬಲರಾಮ, ಅಷ್ಟು ದೂರ ಬರಲು ಕಾಸಿಲ್ಲವೆಂದಾಗ ಬಾಡಿಗೆ ಸೈಕಲ್ಲಿಗೆ ರಹೀಮರೇ ಹಣ ಕೊಟ್ಟರು. ಮುಂದೆ ಬಲರಾಮರು ಮೆಲ್ಬರ್ನಿನಲ್ಲಿಯೂ ಜಕಾರ್ತದಲ್ಲಿಯೂ ದೇಶಕ್ಕಾಗಿ ಆಡಿದರು. ಆ ಸೈಕಲ್ ಬಾಡಿಗೆಗೆ ಯಾವ ಪಟ್ಟಿಯಲ್ಲಿ ಎಷ್ಟು ಅಂಕ?

ನನ್ನ ಅಭಿಪ್ರಾಯ ಕೆಲವರಿಗೆ ರುಚಿಸಲಾರದು. ಸಂಘವೊಂದು ಊರು ಬಿಟ್ಟುದಕ್ಕಿಂತ, ಶಾಲೆಯ ಬಯಲಿನಲ್ಲಿ ಚೆಂಡು ಉರುಳದಿರುವುದೇ ಈ ನಗರಕ್ಕೆ ದೊಡ್ಡ ನಷ್ಟ. ಆ ನಷ್ಟದಲ್ಲಿ ಅಧ್ಯಾಪಕರದೂ ಪಾಲುಂಟು. ಪರೀಕ್ಷೆ ಸಮೀಪಿಸಿತೆಂದು ದೈಹಿಕ ಶಿಕ್ಷಕರನ್ನು ಕೇಳಿ ಆಟದ ಅವಧಿಯನ್ನು ಪಡೆದು ಪಾಠ ಮುಗಿಸುವವರಲ್ಲಿ ನಾನೂ ಒಬ್ಬ. ಆ ಹುಡುಗ ಎದ್ದುನಿಂತ ದಿನ ನಾನು ಸಮಾಸ ಬೋಧಿಸುತ್ತಿದ್ದುದೂ ಆಟದ ಅವಧಿಯಲ್ಲಿಯೇ.

ಆದುದರಿಂದ, ಮಗು, ಶುಕ್ರವಾರದ ಆ ಅವಧಿಯನ್ನು ಇನ್ನು ನಾನು ಕೇಳುವುದಿಲ್ಲ. ಚೆಂಡಿಗೆ ಗಾಳಿ ತುಂಬುವ ಪಂಪು ಅಧ್ಯಾಪಕರ ಕೊಠಡಿಯ ಅಲಮಾರಿಯಲ್ಲಿದೆ. ಕೀಲಿ ನನ್ನಲ್ಲಿದೆ, ಬಂದು ತೆಗೆದುಕೊ.