ಬಂದರು ಎದುರಿಗೆ, ಹಡಗು ಕೊಚ್ಚಿಯಲ್ಲಿ!

ಪಣಂಬೂರಿನ ನಾಲ್ಕು ಮಂದಿ ಗೆಳೆಯರು ಅಂಗಡಿಗೆ ರಜೆ ಹಾಕಿ ಲಕ್ಷದ್ವೀಪ ನೋಡಿ ಬರೋಣ ಅಂತ ಹೊರಟರೆನ್ನಿ. ಕಡಲು ಎದುರಿಗೇ ಇದೆ. ಆದರೆ ಮೊದಲು ಹತ್ತಬೇಕಾದ್ದು ಕೊಚ್ಚಿಯ ರೈಲು! ಪ್ರವಾಸಿಗರ ಹಡಗು ಹೊರಡುವುದು ಅಲ್ಲಿಂದ.

ಕಿಲ್ತಾನ್, ಚೆತ್ಲಾತ್ ದ್ವೀಪಗಳಿಗೆ ಕೊಚ್ಚಿಗಿಂತ ಮಂಗಳೂರೇ ಹತ್ತಿರ. 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಹೋಗುವ ತನಕ ಇವು, ಅಮಿನಿ, ಕದ್ಮತ್ ಸಹ, ದಕ್ಷಿಣ ಕನ್ನಡ ಜಿಲ್ಲೆಯವೇ. ಇಂದಿಗೂ ಹಳೆ ಬಂದರಿನ ಮಂಜಿಗಳು ಅಲ್ಲಿಗೆ ತರಕಾರಿ, ಜಲ್ಲಿ ಒಯ್ಯುತ್ತವೆ. 2024ರ ಮೇ ತಿಂಗಳಲ್ಲಿ ದ್ವೀಪದ ಪ್ರಯಾಣಿಕರನ್ನು ಹೊತ್ತ ವೇಗದ ಹಡಗೊಂದು ಸುಮಾರು 7 ಗಂಟೆಯಲ್ಲಿ ಇಲ್ಲಿಗೆ ಬಂದಿತ್ತು. ಅಂದಮೇಲೆ ದಾರಿ ಇಲ್ಲವೆನ್ನುವಂತಿಲ್ಲ.

ಪರವಾನಗಿ ಬೇಕು, ಮಳೆಗಾಲದಲ್ಲಿ ಕಡಲು ಬಿಡದು. ಒಪ್ಪೋಣ. ಉಳಿದ ತಿಂಗಳುಗಳ ಗತಿಯೇನು? ಊರವರು ಬಿಟ್ಟುಕೊಟ್ಟ ಭೂಮಿಯಲ್ಲಿ 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗರ ಹಡಗು ಬಂದರೆ ಚೆಂಡೆಯ ಸ್ವಾಗತ. ಅದೇ ಧಕ್ಕೆಯಲ್ಲಿ ವಾರಕ್ಕೊಂದು ದ್ವೀಪದ ಹಡಗು ನಿಲ್ಲಬಾರದೇ? ಇಲ್ಲಿಯವರು ತಿರುಗಾಟಕ್ಕೆ ಹೋದಾರು. ಅಲ್ಲಿಯವರು ಆಸ್ಪತ್ರೆಗೆ, ಬಟ್ಟೆಬರೆಗೆ ಬಂದಾರು. ವ್ಯಾಪಾರ ಎರಡೂ ಕಡೆಗೆ.

ಜಲ್ಲಿಗೆ ಸಿಗುವ ದಾರಿ ಜನರಿಗೂ ಸಿಗಲಿ. ಸಂಬಂಧಪಟ್ಟವರು ಕಣ್ಣು ತೆರೆಯುವರೇ?